ಸಾಲ ತೀರಿಸುವವರಿಗೆ: ಮೊದಲು ಬಡ್ಡಿಯ ಲೆಕ್ಕ ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂರು ಸಾಲಗಳಿದ್ದವು: ಸೊಸೈಟಿಯ ಬೆಳೆಸಾಲ, ಸಂಘದ ವಾರದ ಕಂತು, ಪರಿಚಯದವರಿಂದ ತಂದ 40,000 ರೂಪಾಯಿ ಕೈಸಾಲ. ಅಡಿಕೆ ಮಾರಿದ ಹಣ ಬಂದಾಗಲೆಲ್ಲ ಮೂರಕ್ಕೂ ಸ್ವಲ್ಪ ಸ್ವಲ್ಪ ಹಂಚುತ್ತಿದ್ದೆವು. ಅದೇ ತಪ್ಪು.

ಒಂದು ರಾತ್ರಿ ಮಗಳ ಹಳೆಯ ನೋಟ್‌ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೇಳಲು ಸಣ್ಣದು, ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36. ಅಂದರೆ 14,400 ರೂಪಾಯಿ ಹೋದರೂ ಅಸಲು ಹಾಗೆಯೇ ಇರುತ್ತದೆ! ಬಳೆಗಳನ್ನು ಬ್ಯಾಂಕಿನಲ್ಲಿ ಶೇ. 9ಕ್ಕೆ ಅಡವಿಟ್ಟು ಕೈಸಾಲ ತೀರಿಸಿದೆವು. ಈಗ ಅಷ್ಟೇ ಹಣಕ್ಕೆ ವರ್ಷದ ಬಡ್ಡಿ 3,600. (ಅತ್ತೆಯವರು ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.) ಅಡವಿಟ್ಟರೆ ಬಿಡಿಸುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ತಪ್ಪಿದರೆ ಹರಾಜಿಗೆ ಹೋಗಬಹುದು.

ಬೆಳೆಸಾಲಕ್ಕೆ ಅವಸರ ಬೇಡ, ಆದರೆ ಗಡುವು ಮೀರಬೇಡಿ. ಸೊಸೈಟಿಯ ಶೂನ್ಯ ಬಡ್ಡಿಯ ಸೌಲಭ್ಯ ಸಕಾಲಕ್ಕೆ ಕಟ್ಟಿದವರಿಗೆ ಮಾತ್ರ. ವಾರದ ಕಂತನ್ನು ತಪ್ಪಿಸದೆ ಮುಗಿಸಿ, ಅದನ್ನು ಕಟ್ಟಲೆಂದು ಇನ್ನೊಂದು ಸಂಘ ಸೇರಬೇಡಿ.

ಇನ್ನು ಜೂನ್. ಶಾಲೆಯ ಶುಲ್ಕ, ಕೊಡೆ, ರೇನ್‌ಕೋಟ್ ಎಲ್ಲವೂ ಒಟ್ಟಿಗೆ ಬರುತ್ತವೆ, ಮಳೆಗೆ ಕೂಲಿಯೂ ಕಡಿಮೆ. ನಮ್ಮ ಕೈಸಾಲ ಹುಟ್ಟಿದ್ದೇ ಒಂದು ಜೂನ್‌ನಲ್ಲಿ. ಈಗ ಬಡ್ಡಿಯಲ್ಲಿ ಉಳಿದ ತಿಂಗಳಿಗೆ 900 ರೂಪಾಯಿಯನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತೇವೆ. ಅದನ್ನು ಜೂನ್‌ವರೆಗೆ ಯಾರೂ ಮುಟ್ಟುವಂತಿಲ್ಲ.