ಅಂಟಿದ ಗಾರ್ಡು ಬಿಟ್ಟಿದ್ದು ಬಳ್ಳಾರಿ ಬಿಸಿಲಿಗೆ

ಹೋದ ಏಪ್ರಿಲ್‌ನಲ್ಲಿ ಹಳೇ ಕ್ಷೌರದ ಕತ್ತಿಗೆ ತುಕ್ಕಿನಿಂದ ಅಂಟಿಕೊಂಡಿದ್ದ ನನ್ನ ಒಂಬತ್ತನೇ ಗಾರ್ಡು ಮಾಳಿಗೆ ಮೇಲೆ ಬೆರಳು ಸೋಕಿಸಿದ ಕೂಡಲೇ ಜಾರಿ ಬಂತು. ಗಾರ್ಡು ಅಂದರೆ ಕತ್ತಿಯ ಬಾಯಿ ಚರ್ಮಕ್ಕೆ ಆಳವಾಗಿ ತಾಗದಂತೆ ಅಲುಗಿಗೆ ಸಿಕ್ಕಿಸುವ ಹಲ್ಲುಹಲ್ಲಿನ ಪಟ್ಟಿ. ಒಂದು ಹಲ್ಲೂ ಮುರಿಯಲಿಲ್ಲ. ಅಲುಗಿನ ಬಾಯಿಗೆ ಒಂದು ಚಿಕ್ಕ ಕಚ್ಚೂ ಬೀಳಲಿಲ್ಲ. "ಬಿಸಿಲಿಗಿಟ್ಟರೆ ತುಕ್ಕು ಬಿಡುತ್ತಾ? ಸುಮ್ನೆ ಹೇಳ್ತೀರಿ" ಎಂದಿದ್ದ ಗೆಳೆಯರೇ ಈಗ ತಮ್ಮ ಕತ್ತಿಗಳನ್ನು ತಂದುಕೊಡುತ್ತಿದ್ದಾರೆ.

ಹಳೇ ಕ್ಷೌರದ ಕತ್ತಿ ಕೂಡಿಡುವವರು ಹಲವರಿದ್ದಾರೆ. ನನ್ನ ಹುಚ್ಚು ಗಾರ್ಡು ಇರುವವುಗಳದ್ದು ಮಾತ್ರ. ಬಡಗಿಯ ಕೀಸುಳಿಯಲ್ಲಿ ಅಲುಗು ಸ್ವಲ್ಪವೇ ಹೊರಗಿರುತ್ತದಲ್ಲ, ಅದೇ ಉಪಾಯವನ್ನು 18ನೇ ಶತಮಾನದಲ್ಲಿ ಫ್ರಾನ್ಸಿನ ಜಾನ್ ಜಾಕ್ ಪೆರೆ ಕ್ಷೌರದ ಕತ್ತಿಗೆ ತಂದ. ಅವನು ಹಾಕಿದ್ದು ಮರದ ಗಾರ್ಡು. ಆಮೇಲೆ ಹಿತ್ತಾಳೆ, ಜರ್ಮನ್ ಸಿಲ್ವರ್ ಬಂದವು. ಇವು ಸಿಗುವುದೇ ಅಪರೂಪ. ಕತ್ತಿ ಉಳಿದಿರುತ್ತದೆ, ಗಾರ್ಡು ಕಳೆದಿರುತ್ತದೆ. ಬಳ್ಳಾರಿಯ ಬ್ರೂಸ್‌ಪೇಟೆಯ ಕಡೆ ಕ್ಷೌರದ ಅಂಗಡಿ ಇಟ್ಟಿದ್ದ ಒಬ್ಬ ತಾತ ನನಗೆ ಕಾರಣ ಹೇಳಿದರು: "ನಮ್ಮ ಬೆರಳೇ ಗಾರ್ಡು ತಮ್ಮಾ. ಅದನ್ನ ಹಾಕ್ಕೊಂಡ್ರೆ ಚರ್ಮ ಕೈಗೆ ತಿಳಿಯಂಗಿಲ್ಲ." ಅವರ ಹಡಪದಲ್ಲಿ ಕತ್ತಿ ನಾಲ್ಕಿದ್ದವು, ಗಾರ್ಡು ಒಂದೂ ಇರಲಿಲ್ಲ.

ನನಗೆ ಮೊದಲನೆಯದು ಸಿಕ್ಕಿದ್ದು ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ, 350 ರೂಪಾಯಿಗೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಊರು. ಸಾಹೇಬರು ಬಿಟ್ಟುಹೋದದ್ದು ಅಲ್ಲಿಗೇ ಬಂದು ಸೇರಿರಬೇಕು ಎಂದು ನನ್ನ ಲೆಕ್ಕ. ಇಂಗ್ಲೆಂಡಿನ ಶೆಫೀಲ್ಡ್ ಕತ್ತಿ, ಹಿತ್ತಾಳೆ ಗಾರ್ಡು, ಎರಡೂ ತುಕ್ಕಿನಲ್ಲಿ ಒಂದಾಗಿದ್ದವು. ಇಕ್ಕಳ ಹಾಕಿ ಎಳೆದೆ. ಮೂರು ಹಲ್ಲು ಮುರಿದವು, ಬಾಯಿಯಲ್ಲಿ ಜೋಳದ ಕಾಳಿನಷ್ಟು ಚೂರು ಹಾರಿತು. ಆ ರಾತ್ರಿ ಊಟ ಸೇರಲಿಲ್ಲ.

ಎರಡನೆಯದಕ್ಕೆ 1,800 ಕೊಟ್ಟಿದ್ದೆ. ನಿಂಬೆರಸದಲ್ಲಿ ನೆನೆಸು ಎಂದರು, ನೆನೆಸಿದೆ. ತುಕ್ಕು ಹೋಯಿತು. ಜೊತೆಗೆ ಅಲುಗಿನ ಮೇಲಿದ್ದ ಬಂಗಾರದ ಬಣ್ಣದ ಅಕ್ಷರಗಳೂ ಹೋದವು. ಹುಳಿ ಹಿತ್ತಾಳೆಯ ಸತುವನ್ನು ತಿಂದು ಗಾರ್ಡು ತಾಮ್ರದ ಹಾಗೆ ಕೆಂಪಗಾಯಿತು. ಹುಳಿಯೊಳಗೆ ಹಿತ್ತಾಳೆ ತಾಗಿಕೊಂಡಿದ್ದರೆ ಉಕ್ಕು ಇನ್ನೂ ಬೇಗ ಸವೆಯುತ್ತದೆ. ದಯವಿಟ್ಟು ಯಾರೂ ಮಾಡಬೇಡಿ. ಬೆಂಕಿ ತೋರಿಸುವುದಂತೂ ಬೇಡವೇ ಬೇಡ. ಅಲುಗಿನ ಹದ ಕೆಡುತ್ತದೆ, ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ ಆಗಿದ್ದರೆ ಭಗ್ ಎಂದು ಹತ್ತಿಕೊಳ್ಳುತ್ತದೆ.

ಬಿಸಿಲಿನ ದಾರಿ ಹೊಳೆದದ್ದು ನಮ್ಮನೆ ಹಿತ್ತಾಳೆ ಡಬ್ಬಿಯಿಂದ. ಮುಚ್ಚಳ ಬಿಗಿಯಾದಾಗ ಅಮ್ಮ ಅದನ್ನು ಬಿಸಿನೀರಲ್ಲಿ ಅದ್ದುತ್ತಿದ್ದರು. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಈ ವ್ಯತ್ಯಾಸ ಕೂದಲೆಳೆಗಿಂತಲೂ ಕಡಿಮೆ. ಆದರೆ ಹಗಲು ಹಿಗ್ಗಿ ರಾತ್ರಿ ಕುಗ್ಗಿದಾಗಲೆಲ್ಲ ತುಕ್ಕಿನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಎಣ್ಣೆ ಇನ್ನಷ್ಟು ಒಳಗೆ ಇಳಿಯುತ್ತದೆ.

ಮೊದಲು ಮೊಳೆ ತೆಗೆದು ಹಿಡಿಯನ್ನು ಬೇರೆ ಮಾಡುತ್ತೇನೆ. ಹಿಡಿ ನೆರಳಲ್ಲೇ ಇರಬೇಕು, ಸೆಲ್ಯುಲಾಯ್ಡ್‌ಗೆ ನಮ್ಮ ಬಿಸಿಲು ಆಗದು. ಅಲುಗನ್ನು ಸ್ಟೀಲ್ ಟಿಫಿನ್ ಮುಚ್ಚಳದಲ್ಲಿಟ್ಟು ಮುಳುಗುವಷ್ಟು ಹೊಲಿಗೆ ಮಷಿನ್ ಎಣ್ಣೆ ಹಾಕುತ್ತೇನೆ. ಎಣ್ಣೆಗೆ ಇನ್ನೊಂದು ಪದಾರ್ಥ ನಾಲ್ಕು ಹನಿ ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲು, ರಾತ್ರಿ ಮಣ್ಣಿನ ಕೊಡದ ಪಕ್ಕ. ಏಳು ದಿನಕ್ಕೆ ಬಿಟ್ಟದ್ದೂ ಇದೆ, ಇಪ್ಪತ್ತು ದಿನ ಹಿಡಿದದ್ದೂ ಇದೆ. ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ದಿನ. ಬಿಡಿಸುವಾಗ ಅಲುಗಿನ ಉದ್ದಕ್ಕೆ ಮಾತ್ರ ಸರಿಸಬೇಕು. ಬಾಯಿಯ ಕಡೆ ಎಳೆದರೆ ಹಾಳು. ಡಿಸೆಂಬರ್‌ನಲ್ಲಿ ಎರಡು ಸಲ ಮಾಡಿ ನೋಡಿದೆ, ಒಂದೂ ಬಿಡಲಿಲ್ಲ.

ಬಾಯಿಗೆ ಹೊಳಪು ಕೊಡಲು ಸಂಡೂರಿನ ಕೆಂಪು ಅದಿರಿನ ಪುಡಿಯನ್ನು ಚರ್ಮದ ಪಟ್ಟಿಗೆ ಸವರಿದೆ. ಹೊಳಪು ಕೊಡುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಅಲ್ವಾ ಎಂಬ ಧೈರ್ಯ. ಅದರಲ್ಲಿದ್ದ ಮರಳು ಜರ್ಮನಿಯ ಒಳ್ಳೇ ಸೋಲಿಂಗನ್ ಅಲುಗಿನ ಮೇಲೆ ಗೀರು ಎಳೆಯಿತು. ಆಮೇಲೆ ನೀರಿನಲ್ಲಿ ಕದಡಿ, ತಳ ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಬಸಿದು ಒಣಗಿಸಿದೆ. ಐದು ಸಲ ಬಸಿದ ಮೇಲೆ ಕೆಲಸಕ್ಕೆ ಬಂತು. ಚರ್ಮಕ್ಕಿಂತ ಮೊದಲು ಉಜ್ಜಲು ನಮ್ಮೂರ ಜೀನ್ಸ್ ತುಂಡು ಬಹಳ ಚೆನ್ನ. ಹೊಲಿಗೆ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ. ಹಲಗೆಗೆ ಅಂಟಿಸಿಕೊಂಡರೆ ಆಯಿತು.

ಕೊಳ್ಳುವಾಗ ಅಗಲ ನೋಡಿ. ಮಸೆದು ಮಸೆದು ಇಂಚಿನ ಆರು ಎಂಟಾಂಶ (ಮುಕ್ಕಾಲು ಇಂಚು) ಇದ್ದ ಅಲುಗು ಐದು ಎಂಟಾಂಶಕ್ಕೆ ಇಳಿದಿದ್ದರೆ ಅದರದೇ ಗಾರ್ಡು ಹಾಕಿದರೂ ಬಾಯಿ ಹಲ್ಲಿನ ಹಿಂದೆಯೇ ಉಳಿಯುತ್ತದೆ, ಕೂದಲು ತಾಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ನಾಲ್ಕು ಸಾವಿರ ಕಳೆದುಕೊಂಡೆ. ಜರ್ಮನ್ ಸಿಲ್ವರ್‌ಗೆ ಬೆಳ್ಳಿ ರೇಟು ಕೇಳಿದರೆ ಎದ್ದು ಬನ್ನಿ, ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು ಅಷ್ಟೇ.

ಆರು ವರ್ಷದಲ್ಲಿ ಹತ್ತಿರಹತ್ತಿರ 42 ಸಾವಿರ ಖರ್ಚಾಗಿದೆ. ಕತ್ತಿ ಇಪ್ಪತ್ತಮೂರು, ಗಾರ್ಡು ಸಮೇತ ಇರುವವು ಒಂಬತ್ತು. ಒಂದಕ್ಕೆ ಆರು ಸಾವಿರ ಕೊಡ್ತೀನಿ ಎಂದು ಹೊಸಪೇಟೆಯಿಂದ ಬಂದವರಿದ್ದರು. ಕೊಡಲಿಲ್ಲ. ಇಂಥ ಒಂಬತ್ತು ಒಂದೇ ಮನೆಯಲ್ಲಿರುವುದನ್ನು ಈ ಸೀಮೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಈಗ ಕೈಯಲ್ಲಿರುವುದರ ಗಾರ್ಡು ಉಕ್ಕಿನದೇ. ಎರಡೂ ಒಂದೇ ಸಮ ಹಿಗ್ಗುತ್ತವೆ, ಬಿಸಿಲು ಕೆಲಸ ಮಾಡುತ್ತಿಲ್ಲ. ಹದಿನೆಂಟು ದಿನವಾಯಿತು. ಅಲುಗು ತಣ್ಣಗಿದ್ದು ಗಾರ್ಡು ಮಾತ್ರ ಹಿಗ್ಗಲಿ ಎಂದು ನಾಳೆಯಿಂದ ಅಲುಗಿನ ಬೆನ್ನನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿಸಿಲಿಗಿಡುತ್ತೇನೆ.