ಉಳಿದ ಪ್ರತಿಗಳ ಲೆಕ್ಕ

ಸೋಮವಾರ ರಾತ್ರಿ ಅಂಗಡಿಯ ಬಾಗಿಲೆಳೆದ ಮೇಲೆ ನನಗೊಂದು ಕೆಲಸ ಉಳಿದಿರುತ್ತದೆ. ಮೂರು ವಾರ ಬಿಟ್ಟು ಬರಲಿರುವ ಕಾಮಿಕ್ಸ್ ಸಂಚಿಕೆಗಳ ಪಟ್ಟಿಯನ್ನು ಗಣಕದಲ್ಲಿ ತೆರೆದು, ಒಂದೊಂದು ಹೆಸರಿನ ಎದುರಿಗೂ ಎಷ್ಟು ಪ್ರತಿ ಬೇಕೆಂದು ಅಂಕಿ ತುಂಬಬೇಕು. ಇಲ್ಲಿಯ ವ್ಯಾಪಾರಿಗಳು ಇದನ್ನು ಎಫ್‌ಓಸಿ ಎನ್ನುತ್ತಾರೆ. ಅಂತಿಮ ಬೇಡಿಕೆಯ ಗಡುವು ಎಂದರ್ಥ. ಗಡುವು ದಾಟಿತೆಂದರೆ ಬರೆದ ಅಂಕಿ ಬದಲಾಗುವುದಿಲ್ಲ. ಒಮ್ಮೆ ನಿದ್ದೆಗಣ್ಣಿನಲ್ಲಿ 12ರ ಬದಲು 21 ಎಂದು ಒತ್ತಿದ್ದೆ. ಆ ಹೆಚ್ಚುವರಿ ಒಂಬತ್ತು ಪ್ರತಿಗಳಲ್ಲಿ ನಾಲ್ಕು ಇವತ್ತಿಗೂ ಹಿಂದಿನ ಕೋಣೆಯ ಪೆಟ್ಟಿಗೆಯೊಂದರಲ್ಲಿವೆ.

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ, ಕ್ಷೌರದಂಗಡಿಗೂ ಪಿಜ್ಜಾ ಅಂಗಡಿಗೂ ನಡುವೆ ಇರುವ ಈ ಮಳಿಗೆಯನ್ನು ನಾನು 2012ರಲ್ಲಿ ಅದರ ಹಳೆಯ ಮಾಲೀಕರಿಂದ ಕೊಂಡೆ. ಅದಕ್ಕೆ ಮೊದಲು ಹತ್ತು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಕಾಮಿಕ್ಸ್ ಓದುವ ಹುಚ್ಚು ಮೊದಲಿನಿಂದ ಇತ್ತು. ಆದರೆ ಅಂಗಡಿ ನಡೆಸುವ ಧೈರ್ಯ ಬಂದದ್ದು ಓದಿನಿಂದಲ್ಲ, ಸಾಗರದಲ್ಲಿ ನನ್ನ ಸೋದರಮಾವ ನಡೆಸುತ್ತಿದ್ದ ಪತ್ರಿಕಾ ಏಜೆನ್ಸಿಯಿಂದ. ರಜೆಯಲ್ಲಿ ನಸುಕಿಗೇ ಅವರೊಡನೆ ಬಸ್ ನಿಲ್ದಾಣಕ್ಕೆ ಹೋಗಿ ಬಂಡಲುಗಳನ್ನು ಇಳಿಸಿಕೊಳ್ಳುತ್ತಿದ್ದ ನನಗೆ, ಅಚ್ಚಾದ ಕಾಗದದ ವ್ಯಾಪಾರ ಹೇಗಿರುತ್ತದೆಂಬುದು ಗೊತ್ತಿದೆ ಎಂಬ ಭ್ರಮೆಯಿತ್ತು. ಮಾವನ ಲೆಕ್ಕ ಸರಳವಾಗಿತ್ತು. ಚಂದಮಾಮವೋ ಬಾಲಮಂಗಳವೋ ಮಾರಾಟವಾಗದೆ ಉಳಿದರೆ, ಮುಖಪುಟವನ್ನು ಕತ್ತರಿಸಿ ಕಟ್ಟಿ ಕಳುಹಿಸಿದರೆ ಅಷ್ಟು ಪ್ರತಿಗಳ ಹಣ ಮುಂದಿನ ಬಿಲ್ಲಿನಲ್ಲಿ ವಜಾ ಆಗುತ್ತಿತ್ತು. ಮುಖಪುಟ ಕಳೆದುಕೊಂಡ ಪುಸ್ತಕ ರದ್ದಿಗೋ, ನನ್ನಂಥ ಸೋದರಳಿಯನ ಕೈಗೋ ಹೋಗುತ್ತಿತ್ತು. ನಾನು ಬಾಲ್ಯದಲ್ಲಿ ಓದಿದ ಅರ್ಧಕ್ಕರ್ಧ ಪುಸ್ತಕಗಳಿಗೆ ಮುಖಪುಟವೇ ಇರಲಿಲ್ಲ.

ಇಲ್ಲಿಯ ಕಾಮಿಕ್ಸ್ ವ್ಯಾಪಾರವೂ ಒಂದು ಕಾಲದಲ್ಲಿ ಹಾಗೆಯೇ ನಡೆದಿತ್ತು. ದಿನಸಿ ಅಂಗಡಿ, ಔಷಧದಂಗಡಿಗಳ ತಿರುಗುವ ತಂತಿ ಸ್ಟ್ಯಾಂಡಿನಲ್ಲಿ ಕಾಮಿಕ್ಸ್ ಮಾರಾಟವಾಗುತ್ತಿದ್ದವು. ಉಳಿದವುಗಳ ಮುಖಪುಟ ಹರಿದು ಕಳುಹಿಸಿದರೆ ಹಣ ವಾಪಸಾಗುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಶಾಲಾ ಶಿಕ್ಷಕರಾಗಿದ್ದ ಫಿಲ್ ಸ್ಯೂಲಿಂಗ್ ಪ್ರಕಾಶಕರ ಮುಂದೆ ಬೇರೊಂದು ಒಪ್ಪಂದವನ್ನಿಟ್ಟರು. ನನಗೆ ಹೆಚ್ಚಿನ ರಿಯಾಯಿತಿ ಕೊಡಿ, ಬೇಕಾದಷ್ಟೇ ಪ್ರತಿಗಳನ್ನು ನೇರವಾಗಿ ಕಳುಹಿಸಿ, ಉಳಿದದ್ದನ್ನು ನಾನು ಹಿಂದಿರುಗಿಸುವುದಿಲ್ಲ ಎಂಬುದು ಅದರ ತಿರುಳು. ಪ್ರಕಾಶಕರಿಗೆ ಇದಕ್ಕಿಂತ ಹಿತವಾದ ಮಾತು ಬೇರೊಂದಿರಲಾರದು. ಕಾಮಿಕ್ಸಿಗೆಂದೇ ಮೀಸಲಾದ ಅಂಗಡಿಗಳು ಹುಟ್ಟಿದ್ದು, ಹಳೆಯ ಸಂಚಿಕೆಗಳ ಮಾರುಕಟ್ಟೆ ಬೆಳೆದದ್ದು, ಸಣ್ಣ ಪ್ರಕಾಶಕರು ತಲೆಯೆತ್ತಿದ್ದು ಎಲ್ಲವೂ ಈ 'ನೇರ ಮಾರುಕಟ್ಟೆ'ಯಿಂದಲೇ. ಆದರೆ ಮಾರಾಟವಾಗದ ಪ್ರತಿಯ ಹೊರೆ ಅಂದಿನಿಂದ ಅಂಗಡಿಯವನ ಹೆಗಲೇರಿತು, ಇಂದಿಗೂ ಇಳಿದಿಲ್ಲ. ಅಂಗಡಿ ಕೊಂಡ ವಾರ ದೂರವಾಣಿಯಲ್ಲಿ ಈ ವಿಷಯ ಹೇಳಿದಾಗ ಮಾವ, "ಉಳಿದದ್ದನ್ನ ವಾಪಸ್ ತಗಳಲ್ಲ ಅಂದ್ರೆ ಅದೆಂಥ ಏಜೆನ್ಸಿಯೋ ಮಾರಾಯ?" ಎಂದು ಕೇಳಿದ್ದರು. ಆಗ ನಕ್ಕುಬಿಟ್ಟಿದ್ದೆ.

ನಗು ನಿಂತದ್ದು ಮೊದಲ ವರ್ಷದ ಕೊನೆಗೆ. ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. 3.99 ಡಾಲರ್ ಬೆಲೆಯ ಸಂಚಿಕೆಯನ್ನು ಶೇಕಡಾ 50ರ ರಿಯಾಯಿತಿಯಲ್ಲಿ ಕೊಂಡರೆ ನನಗೆ ಬೀಳುವುದು ಹೆಚ್ಚುಕಡಿಮೆ 2 ಡಾಲರ್. 40 ಪ್ರತಿ ತರಿಸಿ 26 ಮಾರಿದರೆ ಲಾಭ 52 ಡಾಲರ್. ಉಳಿದ 14 ಪ್ರತಿಗಳಲ್ಲಿ ಸಿಕ್ಕಿಬಿದ್ದ ಹಣ 28 ಡಾಲರ್. ಕೈಗೆ ಹತ್ತಿದ್ದು 24. ಅದರಲ್ಲೇ ಸಾಗಣೆ ವೆಚ್ಚ, ಬಾಡಿಗೆ, ವಿದ್ಯುತ್ತು, ವಾರಾಂತ್ಯಕ್ಕೆ ಬರುವ ಹುಡುಗನ ಸಂಬಳ. ಮಾರಾಟವಾಗದ ಒಂದೊಂದು ಪ್ರತಿಯೂ ಮಾರಾಟವಾದ ಒಂದೊಂದು ಪ್ರತಿಯ ಲಾಭವನ್ನು ತಿಂದುಹಾಕುತ್ತದೆ. ಮೂರನೆಯ ಎರಡು ಪಾಲು ಸರಕು ಮಾರಾಟವಾಯಿತೆಂದು ಹೊರಗಿನವರಿಗೆ ಗೆಲುವಾಗಿ ಕಾಣುವುದು ನಮಗೆ ಬರಿಯ ಉಸಿರಾಟ. ಇದಕ್ಕಿಂತ ಹೆಚ್ಚಿನ ತೊಡಕೆಂದರೆ ಮೊದಲನೆಯ ಸಂಚಿಕೆ ಕಪಾಟಿಗೆ ಬರುವ ಹೊತ್ತಿಗೆ ಎರಡನೆಯ ಸಂಚಿಕೆಯ ಗಡುವು ಬಂದೇಬಿಟ್ಟಿರುತ್ತದೆ. ಜನ ಮೊದಲನೆಯದನ್ನು ಮೆಚ್ಚಿದರೋ ಇಲ್ಲವೋ ತಿಳಿಯುವ ಮುನ್ನವೇ ಎರಡನೆಯದಕ್ಕೆ ಅಂಕಿ ಬರೆಯಬೇಕು.

ಈ ಊಹೆಯ ಮೇಲೆ ಕಟ್ಟಿದ ಆಮಿಷವೊಂದಿದೆ. ಅದಕ್ಕೆ ನಾನೂ ಬಲಿಯಾಗಿದ್ದೇನೆ. ಒಂದೇ ಸಂಚಿಕೆಯನ್ನು ಬೇರೆಬೇರೆ ಮುಖಪುಟಗಳಲ್ಲಿ ಅಚ್ಚುಹಾಕಿ, ಸಾಮಾನ್ಯ ಮುಖಪುಟದ 25 ಪ್ರತಿ ಕೊಂಡ ಅಂಗಡಿಗೆ ಮಾತ್ರ ವಿಶೇಷ ಮುಖಪುಟದ ಒಂದು ಪ್ರತಿ ಕೊಡುವ ಪದ್ಧತಿಯದು. 2013ರಲ್ಲಿ, ನನ್ನ ಅಂಗಡಿಯಲ್ಲಿ 9 ಜನ ಓದುವ ಒಂದು ಮಾಲಿಕೆಗೆ, ಆ ಒಂದು ಪ್ರತಿಯ ಆಸೆಗೆ 25 ತರಿಸಿದೆ. ವಿಶೇಷ ಪ್ರತಿಯನ್ನು 30 ಡಾಲರಿಗೆ ಮಾರಿ ಬೀಗಿದೆ. ಉಳಿದ 16 ಪ್ರತಿಗಳಿಗೆ ಕೊಟ್ಟ 32 ಡಾಲರನ್ನು ಲೆಕ್ಕದ ಪುಸ್ತಕದಲ್ಲಿ ಕಂಡದ್ದು ತಿಂಗಳ ಕೊನೆಗೆ. 1991ರಲ್ಲಿ ಒಂದೇ ಕಾಮಿಕ್ಸಿನ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಂಗಡಿಗಳಿಗೆ ಮಾರಾಟವಾದ ದಾಖಲೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳುವವರಿದ್ದಾರೆ. ಅಂಗಡಿಗಳಿಗೆ ಮಾರಾಟವಾದದ್ದು ನಿಜ, ಓದುಗರಿಗೆ ಎಷ್ಟು ಮಾರಾಟವಾಯಿತೆಂಬುದು ಬೇರೆ ಮಾತು. ಆ ಕಾಲದ ಸಂಚಿಕೆಗಳ ಕಟ್ಟುಗಳನ್ನು ಹೊತ್ತುಕೊಂಡು, ಮಗನ ಕಾಲೇಜಿನ ಶುಲ್ಕಕ್ಕಾದರೂ ಆದೀತೆಂಬ ನಂಬಿಕೆಯಲ್ಲಿ ಇವತ್ತಿಗೂ ಜನ ನನ್ನ ಅಂಗಡಿಗೆ ಬರುತ್ತಾರೆ. ಅವರಿಗೆ ನಿಜಬೆಲೆ ಹೇಳುವುದು ಈ ವೃತ್ತಿಯಲ್ಲಿ ನನಗೆ ಅತ್ಯಂತ ಬೇಡವಾದ ಕೆಲಸ.

ನಾನು ಅಂಗಡಿ ಕೊಂಡಾಗ ವಿತರಕರು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಬಾಲ್ಟಿಮೋರಿನಲ್ಲಿ ಅಂಚೆಯವರಾಗಿದ್ದು ಕಾಮಿಕ್ಸ್ ವ್ಯಾಪಾರಕ್ಕಿಳಿದ ಸ್ಟೀವ್ ಗೆಪ್ಪಿ 1982ರಲ್ಲಿ ಕಟ್ಟಿದ ಡೈಮಂಡ್ ಸಂಸ್ಥೆಯೊಂದೇ ಇತ್ತು. ಮೊದಲು ಹಲವು ವಿತರಕರಿದ್ದರು. 1994ರ ಕೊನೆಗೆ ಮಾರ್ವೆಲ್ ತಾನೇ ಒಂದು ವಿತರಣಾ ಸಂಸ್ಥೆಯನ್ನು ಕೊಂಡು ಎಲ್ಲರನ್ನೂ ಬಿಟ್ಟು ಹೊರಟಿತು. ಬೆದರಿದ ಡಿಸಿ ಮುಂತಾದ ಉಳಿದ ದೊಡ್ಡ ಪ್ರಕಾಶಕರು ಡೈಮಂಡಿನೊಂದಿಗೆ ಮಾತ್ರ ಒಪ್ಪಂದ ಮಾಡಿಕೊಂಡರು. ಬೇರೆ ವಿತರಕರು ಮುಳುಗಿದರು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು, ಮರುವರ್ಷ ಅದೂ ಡೈಮಂಡಿನ ಬಾಗಿಲಿಗೇ ಬಂತು. ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಕ್ಯಾಟಲಾಗು, ಒಂದೇ ಬಿಲ್ಲು, ಬುಧವಾರಕ್ಕೆ ಒಂದೇ ಸರಕು. ಏಕಸ್ವಾಮ್ಯವನ್ನು ಹೊಗಳಬಾರದೆಂದು ಗೊತ್ತಿದ್ದರೂ, ಆ ದಿನಗಳಲ್ಲಿ ನನ್ನ ಕಾಗದಪತ್ರದ ಕೆಲಸ ವಾರಕ್ಕೆ ಎರಡು ಗಂಟೆಯಲ್ಲಿ ಮುಗಿಯುತ್ತಿತ್ತೆಂಬುದನ್ನು ಮುಚ್ಚಿಡಲಾರೆ. ಎಲ್ಲ ಪ್ರಕಾಶಕರ ಸರಕೂ ಒಂದೇ ಖಾತೆಗೆ ಜಮೆಯಾಗುತ್ತಿದ್ದುದರಿಂದ ನನ್ನಂಥ ಸಣ್ಣವನಿಗೂ, ಹೆಚ್ಚು ಕೊಂಡಷ್ಟೂ ಏರುವ ರಿಯಾಯಿತಿಯ ಮೆಟ್ಟಿಲು ಹತ್ತಲು ಸಾಧ್ಯವಿತ್ತು.

2020ರ ಮಾರ್ಚ್ ಕೊನೆಯ ವಾರ ಇದೆಲ್ಲ ಒಂದೇ ಪ್ರಕಟಣೆಗೆ ಕಳಚಿಬಿತ್ತು. ಕೋವಿಡ್ ಕಾರಣದಿಂದ ಏಪ್ರಿಲ್ 1ರಿಂದ ಬಿಡುಗಡೆಯಾಗಬೇಕಿದ್ದ ಹೊಸ ಸರಕನ್ನು ಕಳುಹಿಸುವುದಿಲ್ಲವೆಂದು ಡೈಮಂಡ್ ತಿಳಿಸಿತು. ಬುಧವಾರ ಬಂದಿತು, ಪೆಟ್ಟಿಗೆ ಬರಲಿಲ್ಲ. ನನ್ನ ಬಳಿ ಆಗ 84 ಕಾಯಂ ಗಿರಾಕಿಗಳಿದ್ದರು. ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದು ಖಾನೆಯಿದೆ, ಅವರು ಓದುವ ಮಾಲಿಕೆಗಳನ್ನು ಅದರಲ್ಲಿ ತೆಗೆದಿಡುತ್ತೇವೆ. ಖಾನೆಗಳು ಖಾಲಿಯಾಗಿದ್ದ ಆ ಏಳು ವಾರಗಳಲ್ಲಿ ನಾನು ಮಾಡಿದ್ದಿಷ್ಟೇ: ಎಲ್ಲರಿಗೂ ಒಬ್ಬೊಬ್ಬರಾಗಿ ಕರೆಮಾಡಿ, ಅವರು ಓದುವುದೇನೆಂಬುದು ನನಗೆ ಗೊತ್ತಿದ್ದುದರಿಂದ, ಹಳೆಯ ಸಂಚಿಕೆಗಳ ಪೆಟ್ಟಿಗೆಗಳಿಂದ 20 ಡಾಲರಿನ ಕಟ್ಟುಗಳನ್ನು ಮಾಡಿ ಅವರ ಮನೆಯ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಮಳೆಗಾಲದಲ್ಲಿ ಮಾವ ಪತ್ರಿಕೆಗೆ ಪ್ಲಾಸ್ಟಿಕ್ ಸುತ್ತಿ ಎಸೆಯುತ್ತಿದ್ದ ಹಾಗೆ. ವರ್ಷಗಳಿಂದ ಕೊಳೆಯುತ್ತಿದ್ದ ಉಳಿಕೆ ಪ್ರತಿಗಳು ಆ ತಿಂಗಳ ಬಾಡಿಗೆ ಕಟ್ಟಿದವು.

ಡೈಮಂಡ್ ಮೇ 20ಕ್ಕೆ ಮತ್ತೆ ಸರಕು ಕಳುಹಿಸತೊಡಗಿತು. ಆದರೆ ಅಷ್ಟರಲ್ಲೇ ಡಿಸಿ ಬೇರೆ ವಿತರಕರ ಮೂಲಕ ಪುಸ್ತಕ ಕಳುಹಿಸುತ್ತಿತ್ತು. ಜೂನಿನಲ್ಲಿ ಡೈಮಂಡಿನ ನಂಟನ್ನೇ ಕಡಿದುಕೊಂಡಿತು. ಹೊಸ ವಿತರಕರಿಬ್ಬರೂ ದೊಡ್ಡ ಕಾಮಿಕ್ಸ್ ಅಂಗಡಿಗಳ ಸೋದರ ಸಂಸ್ಥೆಗಳಾಗಿದ್ದರು. ನಾನು ಎಷ್ಟು ಪ್ರತಿ ತರಿಸುತ್ತೇನೆಂಬುದನ್ನು, ಅಂತರಜಾಲದಲ್ಲಿ ನನ್ನ ಗಿರಾಕಿಗೇ ಅದೇ ಪುಸ್ತಕವನ್ನು ಅಗ್ಗವಾಗಿ ಮಾರುವವರ ಬಂಧುಗಳಿಗೆ ಪ್ರತಿವಾರ ತಿಳಿಸಬೇಕಾದ ಪರಿಸ್ಥಿತಿ ಎಂದು ನಾವು ಅನೇಕ ಅಂಗಡಿಯವರು ಗೊಣಗಿಕೊಂಡೆವು. ಗೊಣಗಿಕೊಂಡೇ ಖಾತೆ ತೆರೆದೆವು. ಆ ಇಬ್ಬರಲ್ಲಿ ಒಬ್ಬರು ವರ್ಷದೊಳಗೆ ಹಿಂದೆ ಸರಿದರು. ಇಂಡಿಯಾನಾದ ಫೋರ್ಟ್ ವೇನ್‌ನ ಲೂನಾರ್ ಉಳಿಯಿತು. 2021ರ ಅಕ್ಟೋಬರಿನಿಂದ ಮಾರ್ವೆಲ್ ಸಂಚಿಕೆಗಳು ಪುಸ್ತಕ ಪ್ರಕಾಶನದ ದೈತ್ಯ ಪೆಂಗ್ವಿನ್ ರ‍್ಯಾಂಡಮ್ ಹೌಸಿನ ಗೋದಾಮಿನಿಂದ ಬರತೊಡಗಿದವು. 2023ರಲ್ಲಿ ಇಮೇಜ್ ಪ್ರಕಾಶನವೂ ಲೂನಾರಿಗೆ ಹೋಯಿತು.

ಒಬ್ಬರ ಬದಲು ಮೂವರು ಬಂದರೆ ಪೈಪೋಟಿಯಿಂದ ಅಂಗಡಿಯವನಿಗೆ ಅನುಕೂಲವೆಂದು ಹೊರಗಿನವರು ಭಾವಿಸುತ್ತಾರೆ. ಹಾಗಾಗಲಿಲ್ಲ, ಏಕೆಂದರೆ ಒಂದೊಂದು ಪ್ರಕಾಶನದ ಸಂಚಿಕೆಗಳಿಗೆ ಒಬ್ಬರೇ ಮೂಲ ವಿತರಕರು, ನಾನು ಆರಿಸಿಕೊಳ್ಳುವಂಥದ್ದೇನಿಲ್ಲ. ನನಗೆ ದಕ್ಕಿದ್ದು ಮೂರು ಜಾಲತಾಣ, ಮೂರು ಗಡುವು, ಮೂರು ಬಗೆಯ ಬಿಲ್ಲು, ಹಾಳಾದ ಪ್ರತಿಗೆ ದೂರು ಕೊಡುವ ಮೂರು ವಿಧಾನ. ಕೆಲಕಾಲ ಡಿಸಿ ಮಂಗಳವಾರಕ್ಕೂ ಉಳಿದವರು ಬುಧವಾರಕ್ಕೂ ಪುಸ್ತಕ ಬಿಡುಗಡೆ ಮಾಡುತ್ತಿದ್ದುದರಿಂದ ಗಿರಾಕಿಗಳೂ ಎರಡು ದಿನಕ್ಕೆ ಹಂಚಿಹೋದರು. 2024ರ ಜುಲೈನಲ್ಲಿ ಡಿಸಿ ಬುಧವಾರಕ್ಕೆ ಮರಳಿದ ಮೇಲೆ ಅದೊಂದು ಸರಿಯಾಯಿತು. ಹೊಸ ವ್ಯವಸ್ಥೆಯ ಮೊದಲ ತಿಂಗಳುಗಳಲ್ಲಿ ಒಂದು ಗೋದಾಮಿನಿಂದ ಬಂದ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ತುಂಬುಕಾಗದವೇ ಇರಲಿಲ್ಲ. ಮೂಲೆ ಮಡಚಿಕೊಂಡ 31 ಪ್ರತಿಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದರ ಫೋಟೋ ತೆಗೆದು ಕಳುಹಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಕಾದಂಬರಿಯ ಮೂಲೆ ಮಡಚಿದರೆ ಓದುಗ ಲೆಕ್ಕಿಸುವುದಿಲ್ಲ; ಕಾಮಿಕ್ಸ್ ಸಂಗ್ರಾಹಕನಿಗೆ ಆ ಮೂಲೆಯೇ ಪುಸ್ತಕ. ಗೋದಾಮಿನಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವವರಿಗೆ ಇದನ್ನು ಮನಗಾಣಿಸಲು ಸ್ವಲ್ಪ ಕಾಲ ಹಿಡಿಯಿತು.

2025ರ ಜನವರಿ 14ರಂದು ಡೈಮಂಡ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದಾಗ ನನಗೆ ಆಶ್ಚರ್ಯವಾಗಲಿಲ್ಲ, ಆದರೆ ನನ್ನ ಸೋಮಾರಿತನ ಬಯಲಾಯಿತು. ಸಣ್ಣ ಪ್ರಕಾಶಕರ ಸಂಚಿಕೆಗಳು, ಪ್ರತಿಗಳು ಹಾಳಾಗದಂತೆ ಹಾಕಿಡುವ ಪ್ಲಾಸ್ಟಿಕ್ ಚೀಲ, ರಟ್ಟು ಎಲ್ಲವನ್ನೂ ಅಭ್ಯಾಸಬಲದಿಂದ ಅಲ್ಲಿಂದಲೇ ತರಿಸುತ್ತಿದ್ದೆ. ಎರಡು ವಾರ ಕೂತು ಒಂದೊಂದಕ್ಕೂ ಬೇರೆ ದಾರಿ ಹುಡುಕಬೇಕಾಯಿತು. ಮುಂದೆ ಅದೇ ವರ್ಷ ನ್ಯಾಯಾಲಯದಲ್ಲಿ ಎದ್ದ ಒಂದು ವ್ಯಾಜ್ಯವನ್ನು ನಾನು ಪತ್ತೇದಾರಿ ಕಥೆಯಂತೆ ಹಿಂಬಾಲಿಸಿದೆ. ಮಾರಾಟವಾಗುವವರೆಗೂ ಪ್ರಕಾಶಕರದೇ ಸ್ವತ್ತೆಂಬ ಕರಾರಿನ ಮೇಲೆ ಗೋದಾಮಿನಲ್ಲಿಟ್ಟಿದ್ದ ಪ್ರತಿಗಳನ್ನು ಡೈಮಂಡಿನ ಸಾಲ ತೀರಿಸಲು ಮಾರಬಹುದೇ ಎಂಬುದು ಪ್ರಶ್ನೆ. ಪ್ರಕಾಶಕರು ಒಟ್ಟಾಗಿ ವಿರೋಧಿಸಿದರು. ಮಾರಾಟವಾಗದ ಪ್ರತಿ ಯಾರದು ಎಂದು ಐವತ್ತು ವರ್ಷಗಳಿಂದ ಅಂಗಡಿಯವರು ಮಾತ್ರ ತಲೆಕೆಡಿಸಿಕೊಳ್ಳುತ್ತಿದ್ದರು. ಆ ಸಂಕಟ ಈಗ ಪ್ರಕಾಶಕರ ಮನೆಗೂ ಹೋಯಿತಲ್ಲ ಎಂದು ಒಂದು ಗಳಿಗೆ ಸಣ್ಣತನದ ಸಮಾಧಾನವಾದದ್ದು ನಿಜ. ಅವರಲ್ಲಿ ಬಹಳಷ್ಟು ಜನ ನನಗಿಂತ ಬಡವರೆಂಬುದು ನೆನಪಾಗಿ ಅದು ಹೋಯಿತು.

ಇಷ್ಟರ ನಡುವೆ ಅಂಗಡಿಯನ್ನು ನಾನು ಬದಲಿಸಿಕೊಂಡ ರೀತಿಯೆಂದರೆ, ಊಹಿಸುವುದನ್ನು ಕಡಿಮೆ ಮಾಡಿದ್ದು. ಖಾನೆಯ ಗಿರಾಕಿಗಳು ಕೇಳಿದಷ್ಟಕ್ಕೆ ಎರಡೋ ಮೂರೋ ಸೇರಿಸಿ ತರಿಸುತ್ತೇನೆ. ಕಪಾಟು ತುಂಬಿ ಕಾಣಲೆಂದು ತರಿಸುವುದನ್ನು ಬಿಟ್ಟೆ. ವಿಶೇಷ ಮುಖಪುಟ ಬೇಕೆನ್ನುವವರು ಅರ್ಧ ಹಣ ಮುಂಗಡ ಕೊಡಬೇಕು. ಆರು ವಾರ ಖಾನೆ ಖಾಲಿಮಾಡದವರಿಗೆ ಕರೆಮಾಡುತ್ತೇನೆ, ಎಂಟನೆಯ ವಾರ ಪ್ರತಿಗಳನ್ನು ಕಪಾಟಿಗೆ ಹಾಕುತ್ತೇನೆ. ಮೊದಲೆಲ್ಲ ದಾಕ್ಷಿಣ್ಯಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದೆ. ಮೇ ತಿಂಗಳ ಮೊದಲ ಶನಿವಾರ ಉಚಿತ ಕಾಮಿಕ್ಸ್ ಹಂಚುವ ದಿನವನ್ನು ಮಾತ್ರ ಕೈಬಿಟ್ಟಿಲ್ಲ. ಆ 'ಉಚಿತ' ಪ್ರತಿಗಳಿಗೂ ಅಂಗಡಿಯವನು ಅಷ್ಟಿಷ್ಟು ಹಣ ಕೊಟ್ಟಿರುತ್ತಾನೆಂಬುದು ಸಾಲಿನಲ್ಲಿ ನಿಂತವರಿಗೆ ತಿಳಿದಿರುವುದಿಲ್ಲ.

ಕಿಟಕಿಯ ಪಕ್ಕದ ಇಡೀ ಗೋಡೆಯನ್ನು ಈಗ ಮಕ್ಕಳ ಚಿತ್ರಕಾದಂಬರಿಗಳಿಗೂ ಜಪಾನಿನ ಮಾಂಗಾ ಸಂಪುಟಗಳಿಗೂ ಕೊಟ್ಟಿದ್ದೇನೆ. ಹೊಸ ಓದುಗರು ಬರುವುದು ಆ ಗೋಡೆಗೆ. ಎರಡನೆಯ ಭಾಗ ಕೇಳಿಕೊಂಡು ಬರುವ ಎಂಟು ವರ್ಷದ ಹುಡುಗಿಗೆ ಮುಖಪುಟದ ಮೂಲೆಯ ಚಿಂತೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವು ಪುಸ್ತಕ ವ್ಯಾಪಾರದ ಕಟ್ಟಳೆಯಲ್ಲಿ ಬರುವುದರಿಂದ ಮಾರಾಟವಾಗದಿದ್ದರೆ ನಿಗದಿತ ಅವಧಿಯೊಳಗೆ ಹಿಂದಿರುಗಿಸಬಹುದು. ಮೊದಲ ಸಲ ಹಾಗೆ 18 ಸಂಪುಟಗಳನ್ನು ಕಟ್ಟಿ ಕಳುಹಿಸಿ, ಅಷ್ಟೂ ಹಣ ಬಿಲ್ಲಿನಲ್ಲಿ ವಜಾ ಆಗಿ ಬಂದ ದಿನ ಸಾಗರಕ್ಕೆ ಕರೆಮಾಡಿದೆ. ಮಾವ ಏಜೆನ್ಸಿ ಬಿಟ್ಟು ಬಹಳ ವರ್ಷಗಳಾಗಿವೆ, ಕಿವಿಯೂ ಮಂದ. ಎರಡು ಸಲ ಹೇಳಿಸಿಕೊಂಡು, "ಮುಖಪುಟ ಹರಿದು ಕಳಿಸಿದ್ಯಾ, ಇಡೀ ಪುಸ್ತಕವಾ?" ಎಂದು ಕೇಳಿದರು. ಇಡೀ ಪುಸ್ತಕವನ್ನೇ ಎಂದೆ. "ಹಂಗಾರೆ ಸಾಗಣೆ ಖರ್ಚು ಯಾರದು?" ಎಂದರು. ನನ್ನದೇ ಎಂದಾಗ ಆ ಕಡೆಯಿಂದ ಒಂದು ಹೂಂಕಾರ ಮಾತ್ರ ಬಂತು.