ಗಾಳಿದೋಣಿಗೆ ಮೋಟಾರು: ಮೊದಲು ಎತ್ತಿ ನೋಡಿ, ಆಮೇಲೆ ಹಾರ್ಸ್‌ಪವರ್ ಕೇಳಿ

ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟಾರು, ಕೊಳ್ಳಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಹಾರ್ಸ್‌ಪವರ್? ನಾನೂ ಅದನ್ನೇ ಕೇಳಿದ್ದೆ. ಗಾಳಿ ತುಂಬಿಸಿ ಬಳಸುವ ಮೂರು ಮೀಟರಿನ ದೋಣಿ, ಮನೆಯಲ್ಲಿ ನಾಲ್ಕು ಜನ, ಸ್ವಲ್ಪ ಜಾಸ್ತಿನೇ ಇರಲಿ ಅಂತ 9.8 ಹಾರ್ಸ್‌ಪವರಿನದು ತಂದೆ. ತೂಕ 37 ಕೆಜಿ. ಕಾರಿನ ಡಿಕ್ಕಿಯಿಂದ ನೀರಿನ ಅಂಚಿಗೆ ಹೊರುವಷ್ಟರಲ್ಲಿ ನಾಲ್ಕು ಕಡೆ ಕೆಳಗಿಟ್ಟೆ. ಮೂರನೇ ಭಾನುವಾರ ಮೋಟಾರು ಮನೆಯಲ್ಲೇ ಉಳಿಯಿತು, ನಾವು ಹುಟ್ಟು ಹಾಕಿಕೊಂಡು ಹೋದೆವು. ಈಗ ಇರುವುದು 18 ಕೆಜಿಯ ಪುಟ್ಟದು, ಪ್ರತಿ ಸಲವೂ ಜೊತೆಗೆ ಬರುತ್ತದೆ. ಹಾಗಾಗಿ ನಾನು ಹೇಳುವ ಕ್ರಮದಲ್ಲಿ ಹಾರ್ಸ್‌ಪವರಿನ ಸರದಿ ನಾಲ್ಕನೆಯದು.

1. ದೋಣಿಯ ಮೇಲಿನ ಪಟ್ಟಿ ಓದಿ

ದೋಣಿಯ ಹಿಂಬದಿ ಹಲಗೆಯ ಮೇಲೋ ಪಕ್ಕದಲ್ಲೋ ಒಂದು ಪಟ್ಟಿ ಅಂಟಿಸಿರುತ್ತಾರೆ. ಎಷ್ಟು ಜನ, ಒಟ್ಟು ಎಷ್ಟು ತೂಕ, ಮೋಟಾರಿನ ಶಕ್ತಿ ಗರಿಷ್ಠ ಎಷ್ಟು ಅಂತ ಅದರಲ್ಲಿರುತ್ತದೆ. 6 ಅಂತ ಬರೆದಿದ್ದರೆ 6ರ ಒಳಗೇ ಇರಬೇಕು. ಅದಕ್ಕಿಂತ ದೊಡ್ಡದು ಹಾಕಿದರೆ ಹಿಂಬದಿ ಕುಸಿದು ಮೂತಿ ಮೇಲೇಳುತ್ತದೆ. ಎದುರುಗಾಳಿ ಜೋರಾಗಿದ್ದರೆ ದೋಣಿ ಹಿಂದಕ್ಕೆ ಮಗುಚಲೂಬಹುದು. ಗಟ್ಟಿ ಹಲಗೆಯೇ ಇಲ್ಲದ, ಪೈಪಿನ ಚೌಕಟ್ಟು ಸಿಕ್ಕಿಸುವ ದೋಣಿಯಾದರೆ ಸಣ್ಣ ಎಲೆಕ್ಟ್ರಿಕ್ ಮೋಟಾರು ಬಿಟ್ಟು ಬೇರೆ ಯೋಚನೆ ಬೇಡ.

2. ಟೇಪು ಹಿಡಿದು ಅಳೆಯಿರಿ

ಮೋಟಾರು ಸಿಕ್ಕಿಸುವ ಹಿಂಬದಿ ಹಲಗೆಯ ಮೇಲಂಚಿನಿಂದ, ನಡುಮಧ್ಯದಲ್ಲಿ, ದೋಣಿಯ ತಳದವರೆಗೆ ಅಳೆಯಿರಿ. ಸುಮಾರು 38 ಸೆಂಟಿಮೀಟರ್ ಬಂದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ ಮೋಟಾರು), 51ರ ಹತ್ತಿರ ಬಂದರೆ ಲಾಂಗ್ ಶಾಫ್ಟ್ (ಉದ್ದ ಕಾಲಿನದು). ಮನೆಮಂದಿಯ ಗಾಳಿದೋಣಿಗಳು ಬಹುಪಾಲು ಮೊದಲಿನ ಗುಂಪಿನವು. ಆದರೂ ಅಳೆಯದೆ ಕೊಳ್ಳಬೇಡಿ.

ಪ್ರೊಪೆಲ್ಲರಿನ ಮೇಲೆ ಅಗಲವಾದ ಒಂದು ಚಪ್ಪಟೆ ರೆಕ್ಕೆ ಇರುತ್ತದೆ, ನೋಡಿ. ಮೋಟಾರು ಕೂರಿಸಿದಾಗ ಅದು ದೋಣಿಯ ತಳಕ್ಕೆ ಸಮವಾಗಿ ಇಲ್ಲವೇ ಒಂದೆರಡು ಸೆಂಟಿಮೀಟರ್ ಕೆಳಗೆ ಬರಬೇಕು. ಮೇಲಾದರೆ ಪ್ರೊಪೆಲ್ಲರ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ತೀರಾ ಕೆಳಗಾದರೆ ನೀರು ಎರಚುತ್ತದೆ, ವೇಗ ತಗ್ಗುತ್ತದೆ, ದಡದ ಕಲ್ಲುಗಳಿಗೆಲ್ಲ ಬಡಿಯುತ್ತದೆ.

3. ಎತ್ತಿ ನೋಡಿ

ಫೋರ್ ಸ್ಟ್ರೋಕ್ ಮೋಟಾರುಗಳ ತೂಕ ಸುಮಾರಾಗಿ ಹೀಗೆ: 2ರಿಂದ 3.5 ಹಾರ್ಸ್‌ಪವರಿನವು 13ರಿಂದ 19 ಕೆಜಿ. 4, 5, 6ರವು 25 ಕೆಜಿಯ ಆಸುಪಾಸು. 8ರಿಂದ 10ರವು 37ರಿಂದ 40, ಕೆಲವು ಇನ್ನೂ ಜಾಸ್ತಿ. 1909ರಲ್ಲಿ ಓಲೆ ಎವಿನ್ರೂಡ್ ಮಾರಾಟಕ್ಕೆ ತಂದ ಮೋಟಾರು ಒಂದೂವರೆ ಹಾರ್ಸ್‌ಪವರಿಗೇ 28 ಕೆಜಿ ತೂಗುತ್ತಿತ್ತಂತೆ. ಅದಕ್ಕೆ ಹೋಲಿಸಿದರೆ ನಮ್ಮದು ಹೂವಿನ ಭಾರ. ಆದರೆ ಸೊಂಟಕ್ಕೆ ಇತಿಹಾಸ ಗೊತ್ತಾಗುವುದಿಲ್ಲ.

ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿ ಇಪ್ಪತ್ತು ಹೆಜ್ಜೆ ನಡೆಯಿರಿ. ಆಮೇಲೆ ಮುಂದಕ್ಕೆ ಬಗ್ಗಿ, ಅಲುಗಾಡುವ ದೋಣಿಯ ಹಲಗೆಗೆ ಸಿಕ್ಕಿಸುವ ಹಾಗೆ ಹಿಡಿದು ನಿಲ್ಲಿ. ಯಾರು ನೋಡಿದರೇನು, ನಾಚಿಕೆ ಬೇಡ.

ಇಲ್ಲೊಂದು ಗುಟ್ಟಿದೆ. ಹಲವು ಕಂಪನಿಗಳ 4, 5, 6 ಹಾರ್ಸ್‌ಪವರ್ ಮೋಟಾರುಗಳ ಒಳಗಿರುವುದು ಒಂದೇ ಎಂಜಿನ್. ತೂಕವೂ ಒಂದೇ. 25 ಕೆಜಿ ಹೊರುವುದೇ ಆದರೆ, ದೋಣಿಯ ಪಟ್ಟಿ ಒಪ್ಪಿದರೆ, 6ನ್ನೇ ತನ್ನಿ. 8 ಮತ್ತು 9.8ರದೂ ಹೆಚ್ಚುಕಡಿಮೆ ಇದೇ ಕಥೆ.

4. ಈಗ ಹಾರ್ಸ್‌ಪವರ್

ದೋಣಿ ಓಡುವುದು ಎರಡು ಬಗೆಯಲ್ಲಿ. ನೀರನ್ನು ತಳ್ಳಿಕೊಂಡು ಹೋಗುವುದು ಒಂದು. ನೀರಿನ ಮೇಲೆದ್ದು ಜಾರುವುದು ಇನ್ನೊಂದು, ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ತಳ್ಳಿಕೊಂಡು ಹೋಗುವ ಮೂರು ಮೀಟರಿನ ದೋಣಿ ಗಂಟೆಗೆ 7 ಕಿಲೋಮೀಟರಿನ ಹತ್ತಿರ ಬಂದು ಅಲ್ಲಿಗೇ ನಿಲ್ಲುತ್ತದೆ. ಮೇಲೇಳುವಷ್ಟು ಶಕ್ತಿ ಕೊಡದಿದ್ದರೆ, ಹೆಚ್ಚಿಸಿದ್ದೆಲ್ಲ ಸುಮ್ನೆ ಅಲೆ ಎಬ್ಬಿಸುವುದಕ್ಕೆ, ಪೆಟ್ರೋಲ್ ಕುಡಿಯುವುದಕ್ಕೆ.

ಮೇಲೇಳಲು ಒಂದು ಹಾರ್ಸ್‌ಪವರಿಗೆ ಸುಮಾರು 25 ಕೆಜಿ ಅಂತ ಲೆಕ್ಕ ಇಟ್ಟುಕೊಳ್ಳಿ. ದೋಣಿ 40 ಕೆಜಿ, ಮೋಟಾರು 25, ಇಂಧನ ಮತ್ತು ಸಾಮಾನು 15, ದೊಡ್ಡವರಿಬ್ಬರು 140, ಮಕ್ಕಳಿಬ್ಬರು 60. ಒಟ್ಟು 280 ಕೆಜಿ, ಅಂದರೆ 11 ಹಾರ್ಸ್‌ಪವರಾದರೂ ಬೇಕು. ಅದೇ 6ರ ಮೋಟಾರಿನಲ್ಲಿ ನೀವೊಬ್ಬರೇ ಹೋದರೆ 150 ಕೆಜಿ, ಆರಾಮಾಗಿ ಅಲ್ಲದಿದ್ದರೂ ದೋಣಿ ಏಳುತ್ತದೆ. ತಳಕ್ಕೆ ಬರೀ ಮರದ ಪಟ್ಟಿ ಜೋಡಿಸಿದ ಮೆತ್ತನೆ ದೋಣಿಗಾದರೆ ಈ ಲೆಕ್ಕ ನಡೆಯುವುದಿಲ್ಲ, ಅದು ನೀರಿನಲ್ಲೇ ಬಳುಕುತ್ತದೆ.

ಹಾಗಾದರೆ ಮನೆಮಂದಿಯೆಲ್ಲ ಒಟ್ಟಿಗೆ ನಿಧಾನವಾಗಿ ಸುತ್ತುವುದಕ್ಕೆ 2.5 ಅಥವಾ 3.5 ಸಾಕು. ಒಂದೇ ಎಚ್ಚರಿಕೆ: ಗಂಟೆಗೆ 4 ಕಿಲೋಮೀಟರ್ ಸೆಳೆತದ ಎದುರು 7ರ ವೇಗದ ದೋಣಿ ಮುಂದೆ ಹೋಗುವುದು ಬರೀ 3. ಹರಿವು ಜೋರಿರುವ ಕಡೆ 5 ಅಥವಾ 6 ಇದ್ದರೆ ನೆಮ್ಮದಿ.

ಪುಟ್ಟ ಮೋಟಾರುಗಳಲ್ಲಿ ಸಾಮಾನ್ಯವಾಗಿ ರಿವರ್ಸ್ ಗೇರ್ ಇರುವುದಿಲ್ಲ. ಹಿಂದೆ ಹೋಗಬೇಕಾದರೆ ಇಡೀ ಮೋಟಾರನ್ನೇ ತಿರುಗಿಸಬೇಕು. ಎರಡು ದಿನದಲ್ಲಿ ಕೈಗೆ ಬರುತ್ತದೆ. ಟ್ಯಾಂಕು ಒಳಗೇ ಇರುತ್ತದೆ, ಸುಮಾರು ಒಂದು ಲೀಟರಿನದು. ಜೋರಾಗಿ ಓಡಿಸಿದರೆ ಒಂದು ಗಂಟೆಯ ಸುಮಾರಿಗೆ ಮುಗಿಯುತ್ತದೆ. ನೀರಿನ ನಡುವೆ, ಮಕ್ಕಳ ಪಕ್ಕದಲ್ಲಿ ಪೆಟ್ರೋಲ್ ಸುರಿಯುವ ಬದಲು ಅದು ಮುಗಿಯುವ ಮೊದಲೇ ದಡಕ್ಕೆ ಬಂದು ತುಂಬಿಸಿಕೊಳ್ಳಿ.

5. ಪೆಟ್ರೋಲೋ, ಬ್ಯಾಟರಿಯೋ

ಪೆಟ್ರೋಲ್ ಎಂಜಿನ್ ಬಿಡದ ಕೆರೆಗಳು ಎಷ್ಟೋ ಇವೆ. ನೀವು ಹೋಗುವ ನೀರಿನ ನಿಯಮ ಮೊದಲು ಕೇಳಿಕೊಳ್ಳಿ, ಅಲ್ಲಿಗೇ ಅರ್ಧ ತೀರ್ಮಾನ ಆಗಿಬಿಡಬಹುದು. 1 ಕಿಲೋವ್ಯಾಟಿನ ಎಲೆಕ್ಟ್ರಿಕ್ ಔಟ್‌ಬೋರ್ಡನ್ನು 3 ಹಾರ್ಸ್‌ಪವರಿಗೆ ಸಮ ಅಂತ ಮಾರುತ್ತಾರೆ. ಅದರ 1 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಪೂರ್ತಿ ವೇಗದಲ್ಲಿ ಒಂದು ಗಂಟೆ ಬರುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ಹಲವು ಗಂಟೆ. ಸದ್ದಿಲ್ಲ, ವಾಸನೆಯಿಲ್ಲ, ಹಗ್ಗ ಎಳೆದು ತೋಳು ನೋಯಿಸಿಕೊಳ್ಳಬೇಕಾಗಿಲ್ಲ. ಶಾಂತ ನೀರಿಗೆ ನನ್ನ ಮತ ಇದಕ್ಕೇ.

ಪೆಟ್ರೋಲಿನದಾದರೆ ಫೋರ್ ಸ್ಟ್ರೋಕ್ ಮೋಟಾರನ್ನು ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಅದರ ಮೇಲೋ ಕೈಪಿಡಿಯಲ್ಲೋ ಹೇಳಿರುತ್ತಾರೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಂಜಿನ್ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ.

6. ಹಳೆಯದು ಕೊಳ್ಳುವುದಾದರೆ

ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಾದ ಮೇಲೆ ನೀವೇ ಹಗ್ಗ ಎಳೆಯಿರಿ. ಕೆಳಭಾಗ ನೀರಿನ ಡ್ರಮ್ಮಿನಲ್ಲಿ ಮುಳುಗಿರಬೇಕು. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಸ್ಟಾರ್ಟ್ ಆದ ಮೇಲೆ ಹಿಂಬದಿಯಿಂದ ತೆಳ್ಳಗೆ ನೀರಿನ ಧಾರೆ ಬರಬೇಕು, ಎಂಜಿನ್ ತಣ್ಣಗಾಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಗಾಳಿಯಿಂದಲೇ ತಣ್ಣಗಾಗುವ ಕೆಲವು ಪುಟ್ಟ ಮೋಟಾರುಗಳಲ್ಲಿ ಮಾತ್ರ ಧಾರೆ ಇರುವುದಿಲ್ಲ. ಕೊನೆಗೆ ಎಂಜಿನ್ ನಿಲ್ಲಿಸಿ, ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಹನಿ ಬೆರಳಿಗೆ ತೆಗೆದುಕೊಳ್ಳಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಸೀಲು ಹೋಗಿ ಒಳಗೆ ನೀರು ಸೇರಿದೆ. ನಮಸ್ಕಾರ ಹೇಳಿ ಹೊರಡಿ.

ಜೊತೆಗೆ ಕೊಳ್ಳಬೇಕಾದ್ದು

ಸುರುಳಿ ಸುತ್ತಿದ ಕೆಂಪು ಹಗ್ಗ, ಅಂದರೆ ಕಿಲ್ ಸ್ವಿಚ್ಚಿನದು, ಮೋಟಾರಿನ ಜೊತೆಯೇ ಬರುತ್ತದೆ. ನಡೆಸುವವರ ಕೈಗೋ ಮೊಣಕಾಲಿಗೋ ಕಟ್ಟಿರಲೇಬೇಕು. ಅವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತದೆ. ಇನ್ನೊಂದು ತೆಗೆದಿಟ್ಟಿರಿ. ಎಲ್ಲರಿಗೂ ಲೈಫ್ ಜಾಕೆಟ್, ದೋಣಿಯಲ್ಲಿ ಹುಟ್ಟು. ಸಣ್ಣ ಮೋಟಾರುಗಳ ಪ್ರೊಪೆಲ್ಲರಿನಲ್ಲಿ ಶಿಯರ್ ಪಿನ್ ಅಂತ ಒಂದು ಗಿಡ್ಡ ಕಡ್ಡಿ ಇರುತ್ತದೆ. ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ಗೇರು ಉಳಿಯಲಿ ಅಂತ ಅದು ತಾನೇ ಮುರಿಯುತ್ತದೆ. ಇಕ್ಕಳದ ಜೊತೆ ಎರಡು ಪಿನ್ ಇಟ್ಟುಕೊಳ್ಳಿ. ಒಂದು ಸಾಲದೇ ಅಂದರೆ, ಮೊದಲನೆಯದು ನನ್ನ ಒದ್ದೆ ಬೆರಳಿನಿಂದ ಜಾರಿ ನೇರ ನೀರಿಗೆ ಹೋಗಿತ್ತು.